ಸಭೆಯ ಹೊರಗಿನ ಕ್ರಿಸ್ತಭಕ್ತಿ: ಕಾಗವಾಡ ಗಡಿನಾಡು ಮತ್ತು ಉತ್ತರ ಕರ್ನಾಟಕ

ಚರ್ಚಿನ ಸದಸ್ಯತ್ವ ಪಡೆಯದೆ, ಅಥವಾ ಪಡೆದೂ ಅದರ ಆಡಳಿತದಿಂದ ಹೊರಬಂದು, ಯೇಸುಕ್ರಿಸ್ತನನ್ನು ನಂಬಿ ನಡೆದವರ ಪರಂಪರೆ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳೂ ಇವಕ್ಕೆ ಹೊಂದಿಕೊಂಡ ಮಿರಜ, ಕೊಲ್ಹಾಪುರ, ಸಾತಾರಾ ಸೀಮೆಯೂ ಹುಬ್ಬಳ್ಳಿ-ಗದಗ ಭಾಗವೂ ಈ ಪರಂಪರೆಯ ಮುಖ್ಯ ನೆಲೆಗಳು. ಮಿಷನ್ ವರದಿಗಳು ದೀಕ್ಷಾಸ್ನಾನವಾದವರನ್ನು ಎಣಿಸಿದವು, ಜನಗಣತಿ ಮನೆಯವರು ಬರೆಸಿದ ಧರ್ಮವನ್ನು ಎಣಿಸಿತು. ಎರಡರ ನಡುವೆ ಉಳಿದವರು ಎರಡೂ ಕಡೆ ಕಾಣೆಯಾದರು. ಅವರ ಬಗ್ಗೆ ಬರೆದವರೂ ಮೂರು ಬೇರೆ ಬೇರೆ ಬಗೆಯ ಜನರನ್ನು ಒಂದೇ ಹೆಸರಿನಡಿ ಸೇರಿಸಿದ್ದಾರೆ: ದೀಕ್ಷಾಸ್ನಾನ ಪಡೆದು ಮಿಷನ್ನಿನಿಂದ ದೂರ ಸರಿದವರು, ದೀಕ್ಷಾಸ್ನಾನವನ್ನೇ ಪಡೆಯದೆ ನಂಬಿದವರು, ಚರ್ಚಿನೊಳಗೇ ಇದ್ದು ದೇಶೀಯ ವೇಷ-ರೀತಿಗಳನ್ನು ಅಳವಡಿಸಿಕೊಂಡವರು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಕಾವಿ ಉಟ್ಟು, ಮಾಂಸಾಹಾರ ತೊರೆದು, ವಿರಕ್ತಮಠದ ಮಾದರಿಯಲ್ಲಿ ಬದುಕಿದ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳನ್ನು ಹಲವರು ಈ ಪರಂಪರೆಗೆ ಸೇರಿಸುತ್ತಾರೆ. ಆದರೆ ಅವರು ಸಂಸ್ಥೆಯ ಒಳಗಿನವರು. ಮೂರನೆಯ ಬಗೆಗೆ ಸೇರಿದವರು. ಈ ಲೇಖನದ ವಿಷಯ ಮೊದಲ ಎರಡು ಬಗೆ.

ಸಂಸ್ಥೆಗಳ ಇತಿಹಾಸ ಪರಿಚಿತವೇ. ಲಂಡನ್ ಮಿಷನರಿ ಸೊಸೈಟಿ 1820ರಲ್ಲಿ ಬೆಳಗಾವಿಗೆ ಬಂತು, 1904ರಲ್ಲಿ ಅಲ್ಲಿನ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಕೊಲ್ಹಾಪುರದಲ್ಲಿ 1852ರಿಂದ ಅಮೆರಿಕದ ಮಿಷನರಿಗಳಿದ್ದರು. ಆ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದ ಆಸ್ಪತ್ರೆ ತೆರೆದರು. ಬೆಳಗಾವಿ ಕಥೋಲಿಕ ಧರ್ಮಪ್ರಾಂತ ಸ್ಥಾಪನೆಯಾದದ್ದು 1953ರಲ್ಲಿ. ಈ ಎಲ್ಲ ಸಂಸ್ಥೆಗಳ ಅಂಚು ಕಾಗವಾಡದ ಸುತ್ತ ಬಂದು ಮುಟ್ಟುತ್ತದೆ, ಆದರೆ ಯಾವುದರ ಕೇಂದ್ರವೂ ಇಲ್ಲಿರಲಿಲ್ಲ. ಕಾಗವಾಡದಿಂದ ಮಿರಜ ಕೂಗಳತೆಯ ಊರು. ಬಾಣಂತಿಯನ್ನು, ಕಣ್ಣು ಹೋದವರನ್ನು, ಹೊಟ್ಟೆಯ ಗಡ್ಡೆಯವರನ್ನು ಕರೆದುಕೊಂಡು ಕೃಷ್ಣೆಯ ಎರಡೂ ದಂಡೆಯ ಕನ್ನಡಿಗರು ತಲೆಮಾರುಗಳಿಂದ ಹೋಗುವುದು ಅಲ್ಲಿಗೆ. ಚರ್ಚಿಗೆ ಎಂದೂ ಕಾಲಿಡದ ಎಷ್ಟೋ ಮನೆತನಗಳಿಗೆ ಯೇಸುವಿನ ಹೆಸರು ಮೊದಲು ಕೇಳಿಸಿದ್ದು ಆಸ್ಪತ್ರೆಯಲ್ಲಿ.

ಈ ಪರಂಪರೆಯ ಮೊದಲ ದೊಡ್ಡ ಪ್ರಕರಣ, ಇಂದಿಗೂ ಸರಿಯಾಗಿ ಬಿಡಿಸಲಾಗದ ಪ್ರಕರಣ, ಹುಬ್ಬಳ್ಳಿ-ಗದಗ ಸೀಮೆಯ ಕಾಲಜ್ಞಾನಿಗಳದು. ಬರುವ ಕಾಲವನ್ನು ಮುನ್ನುಡಿಯುವ ಕಾಲಜ್ಞಾನ ಸಾಹಿತ್ಯ ಈ ನಾಡಿನಲ್ಲಿ ಹಳೆಯದು. ಕೊಡೇಕಲ್ ಬಸವಣ್ಣನ ಪರಂಪರೆ ಅದರಲ್ಲಿ ದೊಡ್ಡ ಹೆಸರು, ಬಬಲಾದಿ ಮಠದ ಕಾಲಜ್ಞಾನಕ್ಕೆ ಜನ ಈಗಲೂ ಕಿವಿಗೊಡುತ್ತಾರೆ. 1840ರ ಆಸುಪಾಸಿನಲ್ಲಿ ಇಂಥ ನುಡಿಗಳನ್ನು ನಂಬುವ ಲಿಂಗಾಯತ ಪಂಗಡವೊಂದರ ಗುರುಗಳು ಬಾಸೆಲ್ ಮಿಷನರಿಗಳ ಬಳಿಗೆ ಬಂದರು. ಪಡುವಣದಿಂದ ಹೊಸ ಬೋಧೆ ಬರುವುದೆಂದು ತಮ್ಮ ನುಡಿಗಳಲ್ಲಿ ಇದೆ, ಅದು ನಿಮ್ಮದೇ ಇರಬೇಕು ಎಂಬುದು ಅವರ ಮಾತಿನ ತಿರುಳು. ಮಿಷನರಿಗಳು ಹಿಗ್ಗಿದರು. ಊರಿಗೆ ಊರೇ ಕ್ರಿಸ್ತನ ಕಡೆ ತಿರುಗುವ ಕಾಲ ಬಂತೆಂದು ಸ್ವದೇಶಕ್ಕೆ ಬರೆದರು. ಹರ್ಮನ್ ಮೋಗ್ಲಿಂಗ್ ಮುಂತಾದವರ ಉತ್ಸಾಹದಲ್ಲಿ 1841ರಲ್ಲಿ ಬೆಟಗೇರಿಗೆ ಸಮೀಪದ ಮಲ್ಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಒಕ್ಕಲುತನದ ನೆಲೆಯೊಂದು ಎದ್ದಿತು.

ಆಮೇಲೆ ನಿರೀಕ್ಷಿಸಿದ ಜನ ಬರಲಿಲ್ಲ. ಯಾಕೆ ಎಂಬಲ್ಲಿ ಬರೆದವರು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಮಿಷನ್ ಕಡೆಯ ವಿವರಣೆ ನೇರವಾದುದು: ಬಂದವರಿಗೆ ಬೇಕಾದದ್ದು ಭೂಮಿ, ಸರಕಾರದ ಆಸರೆ, ಆತ್ಮದ ಹಸಿವು ಅವರಲ್ಲಿ ಇರಲಿಲ್ಲ. ಈ ವಿವರಣೆ ಅಸಲು ಜಗಳವನ್ನು ಮುಚ್ಚುತ್ತದೆ. ಒಂದು ಪಂಗಡ ತನ್ನ ಗುರುಗಳ ಹಿಂದೆ, ತನ್ನ ನುಡಿಗಳನ್ನು ಕೈಬಿಡದೆ ಬರಲು ಸಿದ್ಧವಿತ್ತು. ಮಿಷನ್ನಿಗೆ ಬೇಕಾದದ್ದು ಒಬ್ಬೊಬ್ಬನೂ ಪ್ರತ್ಯೇಕವಾಗಿ ಪಾಪವನ್ನು ಒಪ್ಪಿಕೊಂಡು, ಜಾತಿಯ ಪಂಕ್ತಿ ಬಿಟ್ಟು, ದೀಕ್ಷಾಸ್ನಾನ ಪಡೆದು ಬರುವುದು. ಮನೆ, ಹೊಲ, ಮಗಳ ಮದುವೆ ಎಲ್ಲವೂ ಪಂಗಡದೊಳಗೇ ಇದ್ದವರಿಗೆ ಈ ಷರತ್ತು ಎಂಥದ್ದೆಂದು ಹಳ್ಳಿಯಲ್ಲಿ ಬಾಳಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಪ್ರಕರಣದ ಬಗ್ಗೆ ಬಳಕೆಯಲ್ಲಿರುವ ದಾಖಲೆ ಬಹುತೇಕ ಮಿಷನರಿಗಳ ಪತ್ರ, ವರದಿಗಳೇ. ಆದುದರಿಂದ ಕಾಲಜ್ಞಾನಿಗಳ ಉದ್ದೇಶದ ಬಗ್ಗೆ ಅವು ಕೊಟ್ಟ ತೀರ್ಪನ್ನು ಹಾಗೆಯೇ ಒಪ್ಪುವುದು ಸಲ್ಲದು.

ದೀಕ್ಷಾಸ್ನಾನ ಪಡೆದೂ ಸಂಸ್ಥೆಗೆ ತಲೆಬಾಗದವರಲ್ಲಿ ಮೊದಲು ನಿಲ್ಲುವವರು ಪಂಡಿತಾ ರಮಾಬಾಯಿ (1858–1922). ಮಹಾರಾಷ್ಟ್ರದ ಚರಿತ್ರೆಯಲ್ಲಿ ಅವರ ಸ್ಥಾನ ಗಟ್ಟಿಯಾಗಿದೆ. ಹುಟ್ಟಿದ್ದು ಕಾರ್ಕಳದ ಮಾಳಕ್ಕೆ ಸಮೀಪದ ಗಂಗಾಮೂಲದ ಕಾಡಿನಲ್ಲಿ ಎಂಬುದನ್ನು ಕನ್ನಡದ ಕ್ರೈಸ್ತ ಚರಿತ್ರೆಗಳು ಮರೆಯುವುದೇ ಹೆಚ್ಚು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿದ್ದಾಗ ಅವರ ದೀಕ್ಷಾಸ್ನಾನವಾಯಿತು. ಆ ಹೊತ್ತಿನಿಂದಲೇ ತಕರಾರು ಶುರುವಾಯಿತು. ಚರ್ಚಿನ ವಿಶ್ವಾಸ ಪ್ರಮಾಣಗಳನ್ನೆಲ್ಲ ಕಣ್ಣುಮುಚ್ಚಿ ಒಪ್ಪಲಾರೆ, ಕ್ರಿಸ್ತನ ಮಾತಿಗೆ ಬದ್ಧಳೇ ಹೊರತು ಪಾದ್ರಿಯ ಅಪ್ಪಣೆಗಲ್ಲ ಎಂಬ ನಿಲುವನ್ನು ಅವರು ಆ ಮಠದ ಸಿಸ್ಟರ್ ಜೆರಾಲ್ಡೀನ್ ಅವರೊಂದಿಗಿನ ಪತ್ರಗಳಲ್ಲಿ ಬಿಡದೆ ವಾದಿಸಿದ್ದಾರೆ. ಜಗಳ ಸಣ್ಣ ಸಂಗತಿಗಳವರೆಗೂ ಇಳಿಯಿತು: ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿಲ್ಲ; ತಟ್ಟೆಗೆ ಮೊಟ್ಟೆ-ಮಾಂಸ ಬೇಡವೆಂದರೆ ಅದು ಜಾತಿಯ ಹೆಮ್ಮೆ ಎಂದೇಕೆ ಹೇಳಬೇಕು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನೂ ಮುಂದೆ ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಮಿಷನ್ನನ್ನೂ ಅವರು ಕಟ್ಟಿದ್ದು ಯಾವ ಪಂಗಡದ ಅಧೀನದಲ್ಲೂ ಅಲ್ಲ. ಇದರ ಕನ್ನಡ ಕೊಂಡಿ ಕಲಬುರಗಿ. 1912ರಲ್ಲಿ ಅಲ್ಲಿ ಅವರು ಹೈಸ್ಕೂಲು ತೆರೆದರು. ಮುಖ್ಯಸ್ಥೆಯಾದವರು ಮಗಳು ಮನೋರಮಾ.

ನಾರಾಯಣ ವಾಮನ ಟಿಳಕರ (1861–1919) ಹೆಜ್ಜೆ ಇನ್ನೂ ಮುಂದಿನದು. 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದ ಈ ಚಿತ್ಪಾವನ ಕವಿ ಎರಡು ದಶಕ ಅಮೆರಿಕನ್ ಮರಾಠಿ ಮಿಷನ್ನಿನಲ್ಲಿ ದುಡಿದರು, ‘ಜ್ಞಾನೋದಯ’ ಪತ್ರಿಕೆಯ ಮರಾಠಿ ವಿಭಾಗ ನೋಡಿಕೊಂಡರು. 1917ರಲ್ಲಿ ಮಿಷನ್ನಿನ ಕೆಲಸವನ್ನೂ ಸಂಬಳವನ್ನೂ ಬಿಟ್ಟು ಸಾತಾರಾದಲ್ಲಿ ‘ದೇವಾಚಾ ದರಬಾರ’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಆದವರೂ ಆಗದವರೂ ಅಲ್ಲಿ ಕ್ರಿಸ್ತನ ಶಿಷ್ಯರಾಗಿ ಸಮಸಮನಾಗಿ ಕೂರಬಹುದಿತ್ತು. ಇದನ್ನು ಕೆಲವರು ಹೊಸ ಚರ್ಚು ಎಂದರು, ಕೆಲವರು ಚರ್ಚಿಗೆ ಎದುರಾದ ಬಂಡಾಯ ಎಂದರು. ಎರಡೂ ಸರಿಯಲ್ಲ. ಚರ್ಚನ್ನು ಒಡೆಯುವುದು ಟಿಳಕರ ಉದ್ದೇಶವಾಗಿರಲಿಲ್ಲ. ವಾರಕರಿ ಸಂತರ ಅಭಂಗ-ಕೀರ್ತನೆಯ ದಾರಿಯಲ್ಲಿ ಕ್ರಿಸ್ತನನ್ನು ಹಾಡುವವರಿಗೆ ಸದಸ್ಯತ್ವದ ಪ್ರಶ್ನೆ ಅಡ್ಡ ಬರಬಾರದು ಎಂಬುದಷ್ಟೇ ಅವರ ಹಟ. ಎರಡು ವರ್ಷ ತುಂಬುವ ಮೊದಲೇ, 1919ರ ಮೇ 9ರಂದು ಅವರು ತೀರಿಕೊಂಡರು, ದರಬಾರು ಅವರಿಲ್ಲದೆ ಬೆಳೆಯಲಿಲ್ಲ. ಆದರೆ ಅವರ ಹಾಡುಗಳು ಸಾತಾರಾ, ಸಾಂಗಲಿ, ಮಿರಜದ ಮರಾಠಿ ಸಭೆಗಳಲ್ಲಿ ನೆಲೆಯಾದವು.

ಕನ್ನಡದಲ್ಲಿ ಇದೇ ತುಡಿತ ಚರ್ಚಿನ ಹೊಸ್ತಿಲಲ್ಲೇ ನಿಂತು ಮಾತಾಡಿತು. ಫರ್ಡಿನಾಂಡ್ ಕಿಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿಗೆ ತಂದಿದ್ದರು. ಬಾಸೆಲ್ ಮಿಷನ್ನಿನ ಉಪದೇಶಕ ಉತ್ತಂಗಿ ಚನ್ನಪ್ಪ (1881–1962) ಊರೂರು ಸುತ್ತಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು, ಶರಣರ ವಚನಗಳನ್ನು ಸಂಪಾದಿಸಿದರು, ಅನುಭವ ಮಂಟಪ ನಿಜವಾಗಿಯೂ ಇತ್ತೇ ಎಂಬ ವಾದದಲ್ಲಿ ಇತ್ತೆಂದು ಸಾಧಿಸಲು ಪುಸ್ತಕ ಬರೆದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಹೇಳುವಂತೆ, ಹಿಂದೂ ಸಮಾಜದೊಡನೆ ಅವರು ವಿನಂತಿಯ ದನಿಯಲ್ಲಿ ಮಾತಾಡಿದರು. ಸಭೆಯ ಸಂಬಳದಲ್ಲಿದ್ದ ಉತ್ತಂಗಿಯವರನ್ನು ಸಭೆಯ ಹೊರಗಿನವರೆಂದು ಕರೆಯಲಾಗದು. ಆದರೆ ಕ್ರಿಸ್ತನನ್ನು ನಂಬಿದವನು ಬಸವಣ್ಣನಿಗೂ ಸರ್ವಜ್ಞನಿಗೂ ಬೆನ್ನು ತಿರುಗಿಸಬೇಕಿಲ್ಲ ಎಂದು ಅವರು ಬಾಳಿ ತೋರಿಸಿದ್ದು, ಹೊರಗಿದ್ದವರಿಗೂ ಬಲ ಕೊಟ್ಟಿತು.

ಈ ಬಾಳಿಗೆ ವಾದದ ರೂಪ ಬಂದದ್ದು ಬೆಂಗಳೂರಿನಲ್ಲಿ. ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಚರಿತ್ರೆಯ ಅಧ್ಯಾಪಕ, ಡೆನ್ಮಾರ್ಕಿನ ಕಾಯ್ ಬಾಗೊ 1966ರ ಲೇಖನವೊಂದರಲ್ಲಿ, ಕ್ರಿಸ್ತನವರಾಗಲು ಹಿಂದೂಗಳು ತಮ್ಮ ಸಮುದಾಯ ಬಿಟ್ಟು ಚರ್ಚಿಗೆ ಸೇರಲೇಬೇಕೇ ಎಂದು ಕೇಳಿ ಮಿಷನ್ ವಲಯವನ್ನು ಕಲಕಿದರು. ಕೆಲವೇ ವರ್ಷಗಳಲ್ಲಿ ದೇವಶಾಸ್ತ್ರಜ್ಞರಾದ ಎಂ.ಎಂ. ಥಾಮಸ್ ಮತ್ತು ಲೆಸ್ಲಿ ನ್ಯೂಬಿಗಿನ್ ನಡುವೆ ಇದೇ ವಿಷಯದಲ್ಲಿ ವಾದ ಬೆಳೆಯಿತು. ದೀಕ್ಷಾಸ್ನಾನವಿಲ್ಲದ ಭಕ್ತರನ್ನು ಹುಡುಕಿ ಮಾತಾಡಿಸಿ ಬರೆದ ಮೊದಲ ದೊಡ್ಡ ಅಧ್ಯಯನ ಹರ್ಬರ್ಟ್ ಹೋಫರರದು. 1991ರಲ್ಲಿ ಪ್ರಕಟವಾದ ಅದರ ಕ್ಷೇತ್ರ ತಮಿಳುನಾಡು.

ಗಡಿ ತಾಲೂಕುಗಳಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕ ಬಂದದ್ದು 1950ರಿಂದ. ಆ ವರ್ಷದ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ 3ನೇ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. 1925ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದ ನೆನಪು ಇನ್ನೂ ಹಸಿಯಾಗಿರುವ ಈ ಸೀಮೆಯಲ್ಲಿ ದಲಿತ ಕುಟುಂಬಗಳಿಗೆ ಇದರ ಅರ್ಥ ಸ್ಪಷ್ಟವಿತ್ತು. ಬುದ್ಧನ ಕಡೆ ಹೋದರೆ ಸವಲತ್ತು ಉಳಿಯುತ್ತದೆ. ಯೇಸುವಿನ ಕಡೆ ಹೋಗಿ ಹೆಸರು ಬರೆಸಿದರೆ ಮಗನ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ನೌಕರಿಯ ಮೀಸಲಾತಿ ಹೋಗಿ, ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1 ಮಾತ್ರ ಸಿಗುತ್ತದೆ. ವಾರಕ್ಕೊಮ್ಮೆ ಯಾರದೋ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಹೆಂಗಸರು ತಲೆಗೆ ಸೆರಗು ಹೊದ್ದು, ತಾಳ-ದಮ್ಮಡಿ ಹಿಡಿದು ಹಾಡಿ, ಗುಣವಾದ ಜಡ್ಡಿನ ಬಗ್ಗೆ, ಕುಡಿತ ಬಿಟ್ಟ ಗಂಡನ ಬಗ್ಗೆ ಸಾಕ್ಷಿ ಹೇಳಿ, ಜಡ್ಡಾದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಏಳುವ ಕೂಟಗಳು ಹೀಗೆ ಬೆಳೆದವು. ಬರುವವರು ತಮ್ಮನ್ನು ‘ವಿಶ್ವಾಸಿಗಳು’ ಅನ್ನುತ್ತಾರೆ. ನಡೆಸುವವರು ‘ಸೇವಕರು’ ಅಥವಾ ‘ಬ್ರದರ್’. ಕೆಲವರಿಗೆ ದೀಕ್ಷಾಸ್ನಾನವಾಗಿದೆ, ಬಹಳ ಮಂದಿಗೆ ಆಗಿಲ್ಲ. ಇವರನ್ನು ಸವಲತ್ತಿಗಾಗಿ ಮುಚ್ಚಿಟ್ಟುಕೊಂಡವರು ಎಂದು ಒಂದೇ ಮಾತಿನಲ್ಲಿ ತಳ್ಳುವುದು ಅನ್ಯಾಯ. ಮೇಲ್ಜಾತಿಯ ಮನೆಗಳ ಸೊಸೆಯಂದಿರೂ ಈ ಕೂಟಗಳಲ್ಲಿದ್ದಾರೆ, ಅವರಿಗೆ ಕಳೆದುಕೊಳ್ಳಲು ಇರುವುದು ಮನೆಯವರ ಆಸರೆ.

2021ರಿಂದ ಈ ಮನೆಕೂಟಗಳು ಹಠಾತ್ತನೆ ದಾಖಲೆಗೆ ಬಂದವು. ಆ ವರ್ಷದ ಅಕ್ಟೋಬರಿನಲ್ಲಿ ವಿಧಾನಮಂಡಲದ ಸಮಿತಿಯೊಂದು ಅಧಿಕೃತ, ಅನಧಿಕೃತ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ನಡೆದ 39 ಘಟನೆಗಳನ್ನು ವರದಿ ಮಾಡಿತು. ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಮತಾಂತರ ನಿಯಂತ್ರಣ ಮಸೂದೆಯನ್ನು ಅಂಗೀಕರಿಸಿತು. ಅದೇ ತಿಂಗಳ ಕೊನೆಗೆ ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯಲ್ಲಿ ಪ್ರಾರ್ಥನೆ ನಡೆದಿದ್ದ ಮನೆಗೆ ಗುಂಪು ನುಗ್ಗಿ ಕುಟುಂಬವನ್ನು ಹೊಡೆದ ಸುದ್ದಿ ಬಂತು. ಮಸೂದೆ 2022ರ ಮೇಯಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯ್ದೆಯಾಯಿತು. ಮತಾಂತರವಾಗುವವರು 30 ದಿನ ಮೊದಲು ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಆದ ಮೇಲೆ ಮತ್ತೆ 30 ದಿನದೊಳಗೆ ತಿಳಿಸಬೇಕು. ಸ್ವಧರ್ಮ ತ್ಯಜಿಸಿ ಇನ್ನೊಂದನ್ನು ಸ್ವೀಕರಿಸುವುದೇ ಮತಾಂತರ ಎಂದು ಕಾಯ್ದೆ ಹೇಳುತ್ತದೆ. ಏನನ್ನೂ ತ್ಯಜಿಸದೆ, ಎಲ್ಲಿಯೂ ಸೇರದೆ ಪ್ರಾರ್ಥಿಸುವವನು ಅದರ ಯಾವ ಬದಿಗೆ ಬರುತ್ತಾನೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು.

2024ರ ನವೆಂಬರ್ 26ರಂದು ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನ ಪಡೆದು ಚರ್ಚಿಗೆ ನಿಯಮಿತವಾಗಿ ಹೋಗುವವರು ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವಂತಿಲ್ಲ ಎಂದಿತು. ಮಲ್ಲಸಮುದ್ರದ ಕಾಲದಲ್ಲಿ ಮಿಷನ್ ಹಿಡಿದ ಅಳತೆಗೋಲೇ ಈಗ ನ್ಯಾಯಾಲಯದ ಕೈಗೂ ಬಂದಂತಾಯಿತು. 2025ರ ಸೆಪ್ಟೆಂಬರಿನ ರಾಜ್ಯ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯಲ್ಲಿ ‘ಕುರುಬ ಕ್ರಿಶ್ಚಿಯನ್’, ‘ಲಿಂಗಾಯತ ಕ್ರಿಶ್ಚಿಯನ್’ ಎಂಬಂಥ ನಮೂದುಗಳು ಕಾಣಿಸಿಕೊಂಡಾಗ ಗದ್ದಲವೆದ್ದು, ಹಿಂದುಳಿದ ವರ್ಗಗಳ ಆಯೋಗ ಅವುಗಳಲ್ಲಿ ಹಲವನ್ನು ಗಣತಿದಾರರ ಪಟ್ಟಿಯಿಂದ ಮರೆಮಾಡಿತು. ಬೇಕಾದವರು ತಾವಾಗಿಯೇ ಹೇಳಿ ಬರೆಸಬಹುದು ಎಂದಿತು.