ಎಲ್ಲಮ್ಮನ ಜಡೆ: ಸವದತ್ತಿ ಸೀಮೆಯಲ್ಲಿ ನಂಬಿಕೆ ಮತ್ತು ಚಿಕಿತ್ಸೆ

ಸವದತ್ತಿ ಎಲ್ಲಮ್ಮನ ಕಥೆಯಲ್ಲಿ ರೋಗ ತಟ್ಟುವುದು ದೇವಿಗೇ. ಗಂಡ ಜಮದಗ್ನಿಯ ಶಾಪದಿಂದ ರೇಣುಕೆಯ, ಅಂದರೆ ಎಲ್ಲಮ್ಮನ, ಮೈ ಕೆಡುತ್ತದೆ. ಅದನ್ನು ಕುಷ್ಠವೆನ್ನುವವರಿದ್ದಾರೆ, ತೊನ್ನೆನ್ನುವವರೂ ಇದ್ದಾರೆ. ಗಂಡನ ಮನೆಯಿಂದ ಹೊರಬಿದ್ದವಳಿಗೆ ಎಕ್ಕಯ್ಯ-ಜೋಗಯ್ಯರೆಂಬ ಸಿದ್ಧರು ದಾರಿ ತೋರಿಸುತ್ತಾರೆ, ಪವಿತ್ರ ನೀರಿನಲ್ಲಿ ಮಿಂದು ಅವಳು ಗುಣವಾಗುತ್ತಾಳೆ. ಗುಡ್ಡ ಹತ್ತುವ ಮೊದಲು ಭಕ್ತರು ಮೀಯುವ ಜೋಗುಳಬಾವಿ ಚರ್ಮರೋಗ ಕಳೆಯುತ್ತದೆಂಬ ನಂಬಿಕೆಯ ಹಿಂದೆ ಈ ಕಥೆಯಿದೆ. ಭರತ ಹುಣ್ಣಿಮೆಗೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಳ್ಳಿಗಳಿಂದ ಚಕ್ಕಡಿ ಹೂಡಿಕೊಂಡು ಬರುವವರಲ್ಲಿ ಬ್ಯಾನಿ ವಾಸಿಯಾಗಲೆಂದು ಹರಕೆ ಹೊತ್ತವರು ಇಂದಿಗೂ ಇರುತ್ತಾರೆ. ಬೇವಿನುಡಿಗೆ, ದೀಡ ನಮಸ್ಕಾರ, ಹಣೆಗೆ ಭಂಡಾರ ಎಲ್ಲವೂ ಆ ಹರಕೆಯ ಭಾಗ.

ಇದನ್ನು ಬರೀ ಮೂಢನಂಬಿಕೆಯೆಂದು ತಳ್ಳಿಹಾಕಿದರೆ ಇತಿಹಾಸದ ಅರ್ಧ ಭಾಗ ಕೈತಪ್ಪುತ್ತದೆ. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಗುರುತಿಸಿದ್ದು 1873ರಲ್ಲಿ. ಡ್ಯಾಪ್ಸೋನ್ ಚಿಕಿತ್ಸೆ ಶುರುವಾದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಊರು ಹೊರಗಿಟ್ಟ ರೋಗಿಗೆ, ತನ್ನಂತೆಯೇ ಹೊರಬಿದ್ದು ಪೂಜೆಗೊಂಡ ದೇವಿಯೊಬ್ಬಳು ಇದ್ದಳೆಂಬುದು ಸಣ್ಣ ಆಸರೆಯೇನಲ್ಲ. ಧರ್ಮಸಂಸ್ಥೆ ಆ ಆಸರೆಯನ್ನು ಔಷಧದವರೆಗೆ ಒಯ್ದದ್ದೂ ಉಂಟು. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ಆ ಮಠವನ್ನು ಅನಾಥ ರೋಗಿಗಳಿಗೆ ಮದ್ದು ದೊರೆಯುವ ಸ್ಥಾನವೆಂದು ಹೊಗಳುತ್ತದೆ. ನಮ್ಮ ಕಾಲದಲ್ಲಿ ಇದೇ ಸೀಮೆಯ ಇಂಚಲದಲ್ಲಿ ಮಠದ ಆಶ್ರಯದಲ್ಲಿ ಆಯುರ್ವೇದ ಮಹಾವಿದ್ಯಾಲಯ ತಲೆಯೆತ್ತಿರುವುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು.

ಆದರೆ ಅದೇ ನಂಬಿಕೆ ಹೆಣ್ಣುಮಗುವಿನ ತಲೆಗೂದಲಿಗೆ ಬಂದು ನಿಂತಾಗ ಕಥೆ ಬೇರೆಯಾಗುತ್ತದೆ. ಎಣ್ಣೆ, ಬಾಚಣಿಗೆ ಕಾಣದೆ ಕೂದಲು ಗಂಟುಗಟ್ಟಿದರೆ ಎಲ್ಲಮ್ಮ ಕರೆದಳೆಂದು ಮನೆಯವರು ತಿಳಿಯುತ್ತಿದ್ದರು. ಗಂಟು ಬಿಡಿಸುವಂತಿಲ್ಲ, ಕತ್ತರಿಸುವಂತಿಲ್ಲ. ಭಂಡಾರ ಹಚ್ಚಿ ಪೂಜಿಸಬೇಕು. ವರ್ಷ ಕಳೆದಂತೆ ಜಡೆ ಹಗ್ಗದಂತೆ ಗಟ್ಟಿಯಾಗಿ ಕುತ್ತಿಗೆ ಜಗ್ಗುತ್ತದೆ, ಒಳಗೆ ಹೇನು ಸೇರುತ್ತವೆ, ನೆತ್ತಿ ಹುಣ್ಣಾಗುತ್ತದೆ. ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿಸಲು, ಎಂದರೆ ಅವರನ್ನು ದೇವದಾಸಿಯರಾಗಿ ಬಿಡಲು, ಈ ಜಡೆಯೇ ಕಾರಣವಾಯಿತು. ತಲೆನೋವೆಂದು ಅಳುವ ಮಗುವನ್ನು ದವಾಖಾನೆಗೆ ಒಯ್ಯುವ ಬದಲು ಗುಡ್ಡಕ್ಕೆ ಒಯ್ದದ್ದನ್ನು ಯಾವ ಪರಂಪರೆಯ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಈ ಗಂಟುಜಡೆ ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಚರ್ಮವೈದ್ಯರು ಈ ಸ್ಥಿತಿಗೆ ಇಟ್ಟ ಹೆಸರು ‘ಪ್ಲೈಕಾ ಪೊಲೊನಿಕಾ’. ಅದು ಪೋಲೆಂಡಿನ ನೆನಪು. ಅಲ್ಲಿಯ ರೈತರು ಮೈಯೊಳಗಿನ ರೋಗ ಜಡೆಗೆ ಇಳಿದು ಬರುತ್ತದೆಂದು, ಕತ್ತರಿಸಿದರೆ ಕಣ್ಣು ಹೋಗುತ್ತದೆಂದು ಹೆದರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೊವ್‌ನ ವೈದ್ಯ ಯೂಜೆಫ್ ಡೀಟ್ಲ್ ಇದರ ವಿರುದ್ಧ ದೊಡ್ಡ ಪ್ರಚಾರವನ್ನೇ ನಡೆಸಿದರು.

ನಮ್ಮಲ್ಲಿ ಮುಂಬೈ ಪ್ರಾಂತ್ಯದ 1934ರ ಕಾಯ್ದೆ, ಬಳಿಕ ಕರ್ನಾಟಕದ 1982ರ ಕಾಯ್ದೆ ದೇವದಾಸಿ ಸಮರ್ಪಣೆಯನ್ನು ಅಪರಾಧವೆಂದವು. ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ ಸಂಘಟಿತರಾಗಿ ಊರೂರಿಗೆ ಹೋಗಿ ಇದರ ವಿರುದ್ಧ ಮಾತಾಡಿದ್ದು ಕಾಯ್ದೆಗಿಂತ ಆಳಕ್ಕೆ ಇಳಿಯಿತೆಂದು ನನ್ನ ನಂಬಿಕೆ. ಜಡೆ ಕತ್ತರಿಸುವುದೂ ಸುಧಾರಣೆಯ ಕೆಲಸವಾಯಿತು. ಆದರೆ ಎಲ್ಲಮ್ಮನಿಗೆ ಬಿಟ್ಟ ಉತ್ತರ ಕರ್ನಾಟಕದ ಜೋಗತಿಯರ ನಡುವೆ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ಲೂಸಿಂಡಾ ರ್‍ಯಾಂಬರ್ಗ್, 2014ರ ತಮ್ಮ ಕೃತಿಯಲ್ಲಿ ಎತ್ತುವ ಆಕ್ಷೇಪ ಗಂಭೀರವಾದದ್ದು: ಸುಧಾರಕರ ಕಣ್ಣಿಗೆ ಕೊಳಕು ಕೂದಲಾಗಿ ಕಂಡದ್ದು ಆ ಹೆಂಗಸರಿಗೆ ದೇವಿಯೇ ಆಗಿದ್ದಳು. ಮಗುವಿನ ವಿಷಯದಲ್ಲಿ ಹಿಂಜರಿಕೆ ಬೇಡ. ಚಿಕಿತ್ಸೆ ತಕ್ಷಣ ಸಿಗಬೇಕು. ಬೆಳೆದ ಹೆಂಗಸಿನ ತಲೆಗೆ ಕತ್ತರಿ ಹಾಕುವ ಮೊದಲು ಮಾತ್ರ ಅವಳ ಭಯವನ್ನು ಪೂರ್ತಿ ಕೇಳಿಸಿಕೊಂಡು, ಅವಳು ಬಯಸಿದರೆ ಪೂಜೆಗೆ ಅವಕಾಶ ಕೊಟ್ಟು, ಅವಳ ಒಪ್ಪಿಗೆ ಪಡೆಯುವುದು ಕಾರ್ಯಕರ್ತರ, ವೈದ್ಯರ ಹೊಣೆ.