‘ಡ್ರಾ’: ಕತ್ತಿ ಹಿರಿಯುವ ಇಂಗ್ಲಿಷ್ ಕ್ರಿಯಾಪದದ ಪೂರ್ವವೃತ್ತಾಂತ

ಇಂದಿನ ಇಂಗ್ಲಿಷಿನಲ್ಲಿ ಒರೆಯಿಂದ ಕತ್ತಿ ಹಿರಿಯುವುದಕ್ಕೂ ಬಾವಿಯಿಂದ ನೀರು ಸೇದುವುದಕ್ಕೂ ‘ಡ್ರಾ’ ಎಂಬ ಒಂದೇ ಕ್ರಿಯಾಪದ. ಅದರ ಮೂಲ ಹಳೆಯ ಇಂಗ್ಲಿಷಿನ ‘ದ್ರಗನ್’, ಅಂದರೆ ಎಳೆ. ಸ್ವರಗಳ ನಡುವಿನ ಗಕಾರ ಸಡಿಲಗೊಂಡು ವಕಾರವಾಗುವುದು ಆ ಭಾಷೆಯ ಚರಿತ್ರೆಯಲ್ಲಿ ಸಾಮಾನ್ಯ. ಬಿಲ್ಲಿನ ಹೆಸರಾದ ‘ಬೊಗ’ ‘ಬೋ’ ಆದದ್ದೂ ಹಾಗೆಯೇ. ನೆಲದ ಮೇಲೆ ದರದರನೆ ಎಳೆಯುವ ‘ಡ್ರ್ಯಾಗ್’ ಇದರ ದಾಯಾದಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ನಿಧಾನದ ಪದ ಹೇಗೆ ಅಂಟಿಕೊಂಡಿತು?

ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕಿದ್ದ ಮುಖ್ಯ ಕ್ರಿಯಾಪದ ‘ಬ್ರೆಗ್ದನ್’. ತಟ್ಟನೆ ಚಲಿಸು, ಸರಕ್ಕನೆ ಸೆಳೆ ಎಂಬುದು ಅದರ ಮೂಲಾರ್ಥ. ‘ಬೇವುಲ್ಫ್’ ಕಾವ್ಯದಲ್ಲಿ ಅದರ ಹರವು ಚೆನ್ನಾಗಿ ಕಾಣುತ್ತದೆ. ಕಡಲಲ್ಲಿ ಈಜುವವರ ಕೈಬೀಸಿಗೂ ಅದೇ ಪದ, ಉಂಗುರ ಹೆಣೆದ ಕವಚಕ್ಕೂ ಅದೇ. ಗ್ರೆಂಡೆಲ್ ಎಂಬ ರಾಕ್ಷಸನ ತಾಯಿಯೊಂದಿಗಿನ ಕಾಳಗದಲ್ಲಿ ನಾಯಕ ಹಳೆಯ ದೈತ್ಯಖಡ್ಗದ ಹಿಡಿಗೆ ಕೈಯಿಟ್ಟಾಗಲೂ (ಸಾಲು 1564) ಅದೇ ಬರುತ್ತದೆ. ಅಲ್ಲಿ ಅವನು ಕತ್ತಿ ಹಿರಿದನೋ, ಝಳಪಿಸಿದನೋ? ಅನುವಾದಕರಲ್ಲಿ ಒಮ್ಮತವಿಲ್ಲ. ಎರಡನ್ನೂ ಒಂದೇ ಚಲನೆಯಾಗಿ ಕಂಡ ಕವಿಗೆ ಈ ಪ್ರಶ್ನೆಯೇ ಹುಟ್ಟಿರಲಾರದು ಎಂದು ನನ್ನ ಎಣಿಕೆ. ಇದಕ್ಕೆ ಸ್ವಲ್ಪ ಮೊದಲು (ಸಾಲು 1545) ಆ ತಾಯಿ ಚೂರಿ ಹಿರಿಯುವಲ್ಲಿ ಮಾತ್ರ ‘ತೇಒನ್’ ಎಂಬ ಬೇರೆ ಕ್ರಿಯಾಪದವಿದೆ. ಅದರ ಜರ್ಮನ್ ಸೋದರ ‘ತ್ಸೀಯೆನ್’ ಇಂದಿಗೂ ಕತ್ತಿ ಹಿರಿಯುವ ಪದವೇ.

‘ಬ್ರೆಗ್ದನ್’ ಹೋಗಿ ‘ಡ್ರಾ’ ಬಂದ ಪಲ್ಲಟವನ್ನು ತೋರಿಸಲು ಬೈಬಲ್ ಅನುವಾದಗಳು ಅನುಕೂಲ, ಏಕೆಂದರೆ ಅಲ್ಲಿ ಸಂದರ್ಭ ಬದಲಾಗುವುದಿಲ್ಲ. ಮತ್ತಾಯನ ಸುವಾರ್ತೆ 26:51ರಲ್ಲಿ ಶಿಷ್ಯನೊಬ್ಬ ಕತ್ತಿ ಹಿರಿದು ಮಹಾಯಾಜಕನ ಆಳಿನ ಕಿವಿ ಕತ್ತರಿಸುತ್ತಾನೆ. ಹಳೆಯ ಇಂಗ್ಲಿಷಿನ ಪಶ್ಚಿಮ ಸ್ಯಾಕ್ಸನ್ ಸುವಾರ್ತೆಗಳಲ್ಲಿ ಇಲ್ಲಿರುವುದು ‘ಬ್ರೆಗ್ದನ್’ನ ಉಪಸರ್ಗಸಹಿತ ರೂಪ. 14ನೆಯ ಶತಮಾನದ ವಿಕ್ಲಿಫ್ ಅನುವಾದಕ್ಕೆ ಬರುವಾಗ ‘ಡ್ರಾ’ ನೆಲೆಗೊಂಡಿದೆ. 1611ರ ಕಿಂಗ್ ಜೇಮ್ಸ್ ಆವೃತ್ತಿಯಲ್ಲೂ ಅದೇ.

‘ಬ್ರೆಗ್ದನ್’ ಸೋತದ್ದು ತನ್ನ ಅರ್ಥಭಾರದಿಂದಲೇ ಎಂದು ತೋರುತ್ತದೆ. ಹೆಣೆ, ಸೆಳೆ, ಬೀಸು ಎಲ್ಲವನ್ನೂ ಹೊತ್ತ ಪದ ಕೊನೆಗೆ ಹೆಣಿಗೆಗಷ್ಟೇ ಉಳಿದು, ಜಡೆ ಹೆಣೆಯುವ ‘ಬ್ರೇಡ್’ ಆಯಿತು. (ಗದರಿಸುವ ‘ಅಪ್‌ಬ್ರೇಡ್’ ಕೂಡ ಇದೇ ಮನೆತನದ್ದು.) ಝಳಪಿಸುವ ಅರ್ಥಕ್ಕೆ ಫ್ರೆಂಚಿನಿಂದ ‘ಬ್ರ್ಯಾಂಡಿಷ್’ ಬಂತು. ಅದರೊಳಗಿರುವುದು ಬೆಂಕಿಯ ಕೊಳ್ಳಿಗೂ ಖಡ್ಗಕ್ಕೂ ಸಲ್ಲುವ ಜರ್ಮಾನಿಕ್ ಪದ ‘ಬ್ರ್ಯಾಂಡ್’. ಉಳಿದ ಜಾಗಕ್ಕೆ, ಏನನ್ನಾದರೂ ಎಳೆಯಬಲ್ಲ ‘ಡ್ರಾ’ ಸುಲಭವಾಗಿ ಬಂದು ಕೂತಿತು.

ಒರೆಯ ಹೆಸರಿನಿಂದಲೇ ಕಟ್ಟಿದ ‘ಅನ್‌ಶೀದ್’ ಹೆಚ್ಚಾಗಿ ಅಲಗುಳ್ಳ ಆಯುಧಗಳಲ್ಲೇ ನಿಂತಿತು. ಒರೆಯ ಮಾತೇ ಎತ್ತದ ‘ಡ್ರಾ’ ಆ ತೊಡಕಿಲ್ಲದೆ ಪಿಸ್ತೂಲಿಗೂ ಸಂದಿತು. ಆದರೆ ‘ಬ್ರೆಗ್ದನ್’ ತನ್ನಲ್ಲೇ ಇಟ್ಟುಕೊಂಡಿದ್ದ ವೇಗ ಇದಕ್ಕಿಲ್ಲ. ಸೊಂಟದ ಬಂದೂಕನ್ನು ಮಿಂಚಿನಂತೆ ಸೆಳೆಯುವವನ ಚಳಕಕ್ಕೆ ಇಂಗ್ಲಿಷ್ ‘ಕ್ವಿಕ್ ಡ್ರಾ’ ಎಂದು ವಿಶೇಷಣ ಹಚ್ಚಬೇಕಾಯಿತು.