ಹುಸಿ ಎರೆ ನಡೆದು ಬಂದ ದಾರಿ

ಕಾರ್ತಿಕದ ಹೊತ್ತಿಗೆ ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ ಮಳೆಗಾಲದ ಕೆಮ್ಮಣ್ಣು ತಳ ಸೇರಿ ನೀರು ತಿಳಿಯಾಗುತ್ತದೆ. ಗಾಳದ ಕೋಲು ಹಿಡಿದು ಏರಿಯ ಮೇಲೆ ನಿಂತವನಿಗೆ ಮುಂದೆ ಕಾಣುವುದು ಬರೀ ಬಯಲು ನೀರು. ಜೊಂಡಿಲ್ಲ, ಮರದ ಬೊಡ್ಡೆಯಿಲ್ಲ; ಮೀನು ಎಲ್ಲಿದೆ ಎನ್ನಲು ಗುರುತೇ ಇಲ್ಲ. ಇಂಥಲ್ಲಿ ಯಾವ ಲ್ಯೂರ್, ಅಂದರೆ ಹುಸಿ ಎರೆ, ಎಸೆಯಬೇಕು?

ಕಡೂರು, ತರೀಕೆರೆ ಕಡೆ ಗಾಳವೆಂದರೆ ಬಿದಿರು ಗಳು, ಬೆಂಡು, ಎರೆಹುಳು. ಕಾಟ್ಲಾ, ರೋಹುಗೆ ಹಿಟ್ಟಿನ ಉಂಡೆ. ಅವಕ್ಕೆ ಇವತ್ತಿಗೂ ಅದೇ ಸರಿ. ಹುಸಿ ಎರೆಗೆ ಬೀಳುವುದು ಬೇಟೆಯಾಡುವ ಮೀನು: ಕೆರೆಯ ಕೊರವ, ದೊಡ್ಡ ನೀರಿನ ಬಾಳೆಮೀನು, ಹೊಳೆಯ ಮಹಶೀರ್.

ಮಹಶೀರ್ ಬೆನ್ನು ಹತ್ತಿದ ಬ್ರಿಟಿಷರೇ ಈ ವಿದ್ಯೆಯನ್ನು ಇಲ್ಲಿ ಪುಸ್ತಕಕ್ಕೆ ಇಳಿಸಿದರು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಅವರ 'ದಿ ರಾಡ್ ಇನ್ ಇಂಡಿಯಾ' ಅಚ್ಚಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲೇ. ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲೇ ಲೋಹದ ಸ್ಪೂನ್‌ಗೆ ಪೇಟೆಂಟ್ ಪಡೆದಿದ್ದ. ಹಿಡಿ ಇಲ್ಲದ ಚಮಚದಂಥ ಅದು ಎಳೆದಂತೆಲ್ಲ ಓಲಾಡಿ, ಗಾಯಗೊಂಡ ಮರಿಮೀನಿನ ಹಾಗೆ ಮಿಂಚುತ್ತದೆ. ಎಳೆಯುವುದು ನಿಧಾನವಾದರೆ ಮುಳುಗುತ್ತದೆ, ಅದೇ ತೊಡಕು.

1936ರಲ್ಲಿ ಫಿನ್‌ಲೆಂಡಿನ ಲೌರಿ ರಾಪಾಲ ಬೆಂಡನ್ನು ಕೆತ್ತಿ, ಚಾಕೊಲೇಟ್ ಸುತ್ತುವ ಹೊಳೆಯುವ ಹಾಳೆ ಹೊದಿಸಿ, ಕರಗಿಸಿದ ಫಿಲ್ಮ್ ನೆಗೆಟಿವ್ ಬಳಿದು ಮರಿಮೀನು ಮಾಡಿದ. ಪ್ಲಗ್ಗು ಎಂದು ಕರೆಯುವ ಈ ಜಾತಿಯ ಹುಸಿ ಎರೆಗಳು ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದನ್ನು ಮೂತಿಯ ತುಟಿಯೇ ತೀರ್ಮಾನಿಸುತ್ತದೆ. 1949ರಲ್ಲಿ ನಿಕ್ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಹುಳು ತಂದ. ನನ್ನ ಮಟ್ಟಿಗೆ ಬಯಲು ನೀರಿನ ಗಾಳಕ್ಕೆ ದೊಡ್ಡ ತಿರುವು ಇದೇ. ಸೀಸದ ತಲೆಯ ಕೊಕ್ಕೆಗೆ ರಬ್ಬರಿನಂಥ ಬಾಲ ಸಿಕ್ಕಿಸಿದರೆ ಜಿಗ್ ಆಯಿತು. ಅದನ್ನು ಯಾವ ಆಳದಲ್ಲಿ ಬೇಕಾದರೂ, ಎಷ್ಟು ನಿಧಾನವಾಗಿ ಬೇಕಾದರೂ ಆಡಿಸಬಹುದು.

ಇದನ್ನು ಹದಕ್ಕೆ ತಂದವರು ಅಮೆರಿಕದ ಕ್ರ್ಯಾಪಿ ಗಾಳಗಾರರು. ಅಂಗೈಯಗಲದ ಆ ಮೀನು ಸರೋವರದ ನಡುವೆ ಗುಂಪಾಗಿ ತೇಲುತ್ತದೆ, ಮೇಲಕ್ಕೆ ನೋಡುತ್ತ ಮೇಯುತ್ತದೆ. ಹಾಗಾಗಿ ಒಂದೆರಡು ಗ್ರಾಮಿನ ಜಿಗ್ ಗುಂಪಿಗಿಂತ ತುಸು ಮೇಲಿರಬೇಕು. ಕೆಳಗೆ ಹೋಯಿತೋ, ಮೀನು ತಿರುಗಿಯೂ ನೋಡುವುದಿಲ್ಲ. ಕ್ರ್ಯಾಪಿ ನಮ್ಮಲ್ಲಿಲ್ಲ. ಆದರೆ ಮೊದಲು ಆಳ, ಆಮೇಲೆ ತೂಕ, ಕೊನೆಗೆ ಬಣ್ಣ ಎಂಬ ಅವರ ಲೆಕ್ಕ ನಮಗೂ ಸಲ್ಲುತ್ತದೆ. ಅಂಗಡಿಯಲ್ಲಿ ಬಣ್ಣವೇ ಮೊದಲು ಕಣ್ಣಿಗೆ ಬೀಳುವುದು. ಕಲಕು ನೀರಿಗೆ ಕಪ್ಪು ಅಥವಾ ಗಾಢ ಹಳದಿ, ತಿಳಿನೀರಿಗೆ ಬೆಳ್ಳಿ: ಇಷ್ಟು ಸಾಕು. ಕೆಂಪಂತೂ ಆಳಕ್ಕೆ ಹೋದಂತೆ ಎಲ್ಲಕ್ಕಿಂತ ಮೊದಲು ಮಾಸುತ್ತದೆ.

ಕೊರವದ ಮಾತೇ ಬೇರೆ. ಗಾಳಿ ಕುಡಿಯಲು ಮೇಲೆ ಬರುವ ಅದಕ್ಕೆ ಜೊಂಡಿನ ಮೇಲೆ ಜಾರುವ ರಬ್ಬರ್ ಕಪ್ಪೆಯೇ ಸರಿ. ಕಿತ್ತಳೆಗೆಂಪು ಮರಿಗಳ ಉಂಡೆ ನೀರಿನಲ್ಲಿ ಕಂಡರೆ ಕೆಳಗೆ ತಂದೆತಾಯಿ ಕಾವಲಿರುತ್ತವೆ. ಅಲ್ಲಿ ಗಾಳ ಹಾಕಲೇಬಾರದು.

ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದರೆ 186 ಅಡಿ. ಬೇಸಿಗೆಗೆ ನೀರು ಇಳಿದಂತೆ ಮೀನಿನ ಮಟ್ಟವೂ ಬದಲಾಗುತ್ತದೆ. ಜಲಾಶಯದ ಒಂದು ಮಗ್ಗುಲು ಹುಲಿ ಮೀಸಲು ಕಾಡು, ಅಲ್ಲಿ ಗಾಳ ಸಲ್ಲದು. ಕೆರೆಗಳಲ್ಲಾದರೆ ಮೀನು ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿಯಬೇಕು. ಅಪ್ಪಣೆ ಸಿಕ್ಕಮೇಲೆ ಜಿಗ್ ಎಸೆದು, ದಾರ ಸಡಿಲ ಬಿಟ್ಟು, ಒಂದು, ಎರಡು, ಮೂರು ಎಂದು ಎಣಿಸಿ. ಎಂಟಕ್ಕೆ ದಾರ ಜಗ್ಗಿದರೆ ಮುಂದಿನ ಎಸೆತದಲ್ಲಿ ಏಳಕ್ಕೇ ಸುತ್ತಲು ಶುರುಮಾಡಿ.